ಕಿತ್ತಳೆ ಸಿಪ್ಪೆಯಿಂದ ಆರು ಗ್ರಾಂ ಪುಡಿ: ಎರಡು ತಿಂಗಳ ಲೆಕ್ಕ

ಅಪ್ಪನ ಕಾಲಿನ ನರ ಉಬ್ಬಿ ಗಂಟು ಗಂಟಾಗಿ ನಾಲ್ಕೈದು ವರ್ಷ ಆಯಿತು. ತೋಟದಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತೇ ಮಾಡುವ ಕೆಲಸ. ಅಡಿಕೆ ಕೊಯ್ಲು ಶುರುವಾದರೆ ರಾತ್ರಿಯೂ ಬೇಯಿಸುವ ಹಂಡೆ ಮುಂದೆ ನಿಲ್ಲಬೇಕು. ಕಳೆದ ನವೆಂಬರಿನಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಕಾಲಿಗೆ ಹಾಕುವ ಬಿಗಿ ಸಾಕ್ಸ್ ಮತ್ತು ದಿನಕ್ಕೆ ಎರಡು ಮಾತ್ರೆ ಬರೆದುಕೊಟ್ಟರು. ರಾತ್ರಿ ಊಟ ಆದ ಮೇಲೆ ಮಾತ್ರೆ ಬಿಡಿಸಿ ಕೊಡುವಾಗ ಸುಮ್ನೆ ಹಿಂದೆ ತಿರುಗಿಸಿ ಓದಿದೆ. ಡಯೋಸ್ಮಿನ್ 450 ಮಿ.ಗ್ರಾಂ, ಹೆಸ್ಪೆರಿಡಿನ್ 50 ಮಿ.ಗ್ರಾಂ.

ಹುಡುಕಿ ನೋಡಿದೆ. ಹೆಸ್ಪೆರಿಡಿನ್ ಅಂದರೆ ಕಿತ್ತಳೆ ಸಿಪ್ಪೆಯಲ್ಲಿ ಇರುವ ವಸ್ತು. ಡಯೋಸ್ಮಿನನ್ನೂ ಕಾರ್ಖಾನೆಗಳಲ್ಲಿ ಬಹುಪಾಲು ಹೆಸ್ಪೆರಿಡಿನ್ನಿಂದಲೇ ಮಾಡುತ್ತಾರೆ. ಅಂದರೆ ಇಡೀ ಮಾತ್ರೆಯ ಮೂಲ ಕಿತ್ತಳೆ ಸಿಪ್ಪೆ. ಇದನ್ನು ಅಡುಗೆಮನೆಯಲ್ಲಿ ಹೇಳಿದಾಗ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಅಂದಳು, "ಸಿಪ್ಪೆ ತಂಬುಳಿ ನಾನು ಮದುವೆಯಾಗಿ ಬಂದಾಗಿಂದ ಮಾಡ್ತಾ ಇದೀನಲ್ಲ. ಆದರೆ ವಾಸನೆ ಇರೋವರೆಗೆ ಮಾತ್ರ ಕಣೋ ಅದರಲ್ಲಿ ಗುಣ. ವಾಸನೆ ಹೋದ ಸಿಪ್ಪೆ ಬರೀ ಹೊಟ್ಟು."

ಅದು ನಿಜವಾ ಅಂತ ನೋಡಬೇಕು ಅನ್ನಿಸಿತು. ವಾಸನೆಯನ್ನು ಒಂದು ಕಡೆ, ಹೆಸ್ಪೆರಿಡಿನ್ನನ್ನು ಇನ್ನೊಂದು ಕಡೆ ಬೇರೆ ಮಾಡಿ ಕಣ್ಣಾರೆ ನೋಡಬೇಕು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವ ಭಾವನಿಗೆ ಫೋನ್ ಮಾಡಿದೆ. "ದೊಡ್ಡ ಲ್ಯಾಬ್ ಏನೂ ಬೇಡ ಮಾರಾಯ, ಸುಣ್ಣ ಮತ್ತು ಹುಳಿ ಇದ್ದರೆ ಸಾಕು" ಅಂದರು. ಅಷ್ಟೇ ಸಾಕಾಗಲಿಲ್ಲ. ನಾಲ್ಕು ಸಲ ಕೆಟ್ಟಿತು. ಎಲ್ಲಿ ಕೆಟ್ಟಿತು ಅನ್ನುವುದನ್ನೇ ಹೆಚ್ಚು ಬರೆದಿದ್ದೇನೆ, ಯಾಕೆಂದರೆ ಸರಿ ಹೋದ ದಿನದ ಕೆಲಸ ಬಹಳ ಸಣ್ಣದು.

ಮೊದಲೇ ಹೇಳಿಬಿಡುತ್ತೇನೆ. ಇದು ಮಾತ್ರೆ ಬಿಟ್ಟು ಪುಡಿ ತಿನ್ನುವ ಕೆಲಸ ಅಲ್ಲ. ಅಪ್ಪನ ಮಾತ್ರೆ ಈಗಲೂ ನಡೆಯುತ್ತಿದೆ. ಕಾರಣ ಕೆಳಗೆ ಬರುತ್ತದೆ.

ಡಿಸೆಂಬರ್ 14. ಸಿಪ್ಪೆ ತಂದದ್ದು

ಶಿವಮೊಗ್ಗದ ಗಾಂಧಿ ಬಜಾರಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಬರುವಾಗ ಜ್ಯೂಸ್ ಅಂಗಡಿಯಲ್ಲಿ ಕೇಳಿದೆ, ಎರಡು ಚೀಲ ಸಿಪ್ಪೆ ಪುಕ್ಕಟೆ ಕೊಟ್ಟರು. ಮನೆಗೆ ತಂದು ತೂಗಿದರೆ 11 ಕಿಲೋ. ಅದರಲ್ಲಿ ಒಂದೂವರೆ ಕಿಲೋ ಬೂಷ್ಟು ಹಿಡಿದಿತ್ತು, ಗೊಬ್ಬರದ ಗುಂಡಿಗೆ ಹಾಕಿದೆ.

ಮೋಸಂಬಿ ಸಿಪ್ಪೆಯೂ ಬೇಕಾ ಅಂತ ಅಂಗಡಿಯವರು ಕೇಳಿದ್ದರು. ಬೇಡ ಅಂದೆ. ಮೋಸಂಬಿಯಲ್ಲೂ ಹೆಸ್ಪೆರಿಡಿನ್ ಇದೆ, ಆದರೆ ಜ್ಯೂಸ್ ಅಂಗಡಿಯಲ್ಲಿ ಅದನ್ನು ಚಾಕುವಿನಿಂದ ಹೆರೆಯುತ್ತಾರೆ, ಹೊರಗಿನ ಹಳದಿ ಪದರ ಮಾತ್ರ ಬರುತ್ತದೆ, ಒಳಗಿನ ಬಿಳಿ ಹಣ್ಣಿನ ಜೊತೆಗೇ ಹೋಗುತ್ತದೆ. ನಮಗೆ ಬೇಕಾದ್ದು ಹೆಚ್ಚು ಇರುವುದು ಆ ಬಿಳಿ ಭಾಗದಲ್ಲೇ. 1828ರಲ್ಲಿ ಲೆಬ್ರೆಟನ್ ಅನ್ನುವವರು ಫ್ರಾನ್ಸಿನಲ್ಲಿ ಮೊದಲ ಸಲ ಹೆಸ್ಪೆರಿಡಿನ್ ತೆಗೆದದ್ದೂ ಕಿತ್ತಳೆಯ ಬಿಳಿ ಭಾಗದಿಂದ. ಕಿತ್ತಳೆಯನ್ನು ಕೈಯಲ್ಲಿ ಸುಲಿಯುವುದರಿಂದ ಬಿಳಿ ಪೂರ್ತಿ ಸಿಪ್ಪೆಗೇ ಅಂಟಿಕೊಂಡು ಬರುತ್ತದೆ.

ಸಿಪ್ಪೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತಿಕ್ಕಿ ತೊಳೆದೆ. ಅಂಗಡಿ ಹಣ್ಣಿಗೆ ಮೇಣ ಹಚ್ಚಿರುತ್ತಾರೆ, ಔಷಧಿ ಹೊಡೆದಿರುತ್ತಾರೆ. ತಂಬುಳಿಗೆ ಹಾಕುವವರೂ ಇದನ್ನು ಮರೆಯಬಾರದು.

2 ಕಿಲೋ ಹಸಿ ಸಿಪ್ಪೆ ಎಣ್ಣೆ ತೆಗೆಯಲು ಇಟ್ಟುಕೊಂಡೆ. ಉಳಿದ ಏಳೂವರೆ ಕಿಲೋ ಒಣಗಿಸಲು.

ಡಿಸೆಂಬರ್ 15. ಕುಕ್ಕರಿನಲ್ಲಿ ಎಣ್ಣೆ ತೆಗೆದದ್ದು

ಮನೆಯಲ್ಲಿ ಮೂಲೆಗೆ ಬಿದ್ದಿದ್ದ 5 ಲೀಟರಿನ ಅಲ್ಯೂಮಿನಿಯಂ ಕುಕ್ಕರ್. ವೆಯ್ಟ್ ಕೂರುವ ನಳಿಗೆಗೆ ಸಿಲಿಕಾನ್ ಟ್ಯೂಬ್ ಸಿಕ್ಕಿಸಿ ತಂತಿ ಸುತ್ತಿದೆ. ಟ್ಯೂಬಿನ ಆಚೆ ತುದಿಗೆ 8 ಅಡಿ ತಾಮ್ರದ ಪೈಪ್, ಫ್ರಿಜ್ ರಿಪೇರಿಯವರು ಬಳಸುವ ಕಾಲು ಇಂಚಿನದು. ಪೈಪಿನೊಳಗೆ ಸಣ್ಣ ಮರಳು ತುಂಬಿ, ಎರಡೂ ತುದಿ ಮುಚ್ಚಿ, ಬಾಟಲಿಗೆ ಸುತ್ತಿದೆ. ಮರಳಿಲ್ಲದೆ ಸುತ್ತಿದರೆ ಪೈಪ್ ಚಪ್ಪಟೆಯಾಗುತ್ತದೆ. ಸುತ್ತಿದ ಮೇಲೆ ಮರಳು ಪೂರ್ತಿ ತೊಳೆದು ತೆಗೆದು, ಬಾಯಿಂದ ಊದಿ ನೋಡಿದೆ. ಆ ಸುರುಳಿಯನ್ನು ಬಕೆಟಿನಲ್ಲಿ ಇಟ್ಟೆ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಬಕೆಟಿಗೆ ಬಿಟ್ಟೆ. ಡಿಸೆಂಬರಿನಲ್ಲಿ ಆ ನೀರು ಕೈ ಕೊರೆಯುತ್ತದೆ, ಐಸ್ ಬೇಕಾಗಲಿಲ್ಲ.

ಮೊದಲ ತಪ್ಪು ಇಲ್ಲೇ ಆಯಿತು. 1 ಕಿಲೋ ಸಿಪ್ಪೆಯನ್ನು ನೀರಿನೊಳಗೇ ಹಾಕಿ ಕುದಿಸಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ಹನಿ ಬಂತು. ಆಮೇಲೆ ಹನಿ ನಿಂತಿತು. ಕುಕ್ಕರ್ ಒಳಗೆ ಗುಡುಗುಡು ಸದ್ದು ಮಾತ್ರ ಜೋರಾಯಿತು. ಗ್ಯಾಸ್ ಆಫ್ ಮಾಡಿ ದೂರ ನಿಂತೆ. ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಸಿಪ್ಪೆಯ ಬಿಳಿ ತಿರುಳು ಬೆಂದು ಗಂಜಿಯಾಗಿ, ನಳಿಗೆಯ ತೂತು ಪೂರ್ತಿ ಕಟ್ಟಿತ್ತು. ಸೇಫ್ಟಿ ವಾಲ್ವ್ ಹೊಸದಾಗಿತ್ತು, ಅದೊಂದು ಪುಣ್ಯ. ಹಳೆ ವಾಲ್ವ್ ಇರುವ ಕುಕ್ಕರಿನಲ್ಲಿ ಈ ಕೆಲಸ ಮಾಡಲೇಬೇಡಿ. ಸಿಕ್ಕಿದ ಎಣ್ಣೆ ಒಂದೂವರೆ ಮಿ.ಲೀ.

ಎರಡನೇ ಸಲ ತಳದಲ್ಲಿ ಎರಡು ಇಂಚು ನೀರು, ಅದರ ಮೇಲೆ ಸ್ಟ್ಯಾಂಡ್, ಸ್ಟ್ಯಾಂಡಿನ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಸಿಪ್ಪೆ. ಅರ್ಧ ಪಾತ್ರೆಗಿಂತ ಜಾಸ್ತಿ ತುಂಬಲಿಲ್ಲ, ಹಾಗಾಗಿ 1 ಕಿಲೋವನ್ನು ಎರಡು ಪಾಲು ಮಾಡಬೇಕಾಯಿತು. ಸಣ್ಣ ಉರಿ, ಪ್ರತಿ ಪಾಲಿಗೂ ನಲವತ್ತು ನಿಮಿಷ. ಹನಿ ಬೀಳುವ ಗಾಜಿನ ಬಾಟಲಿಯನ್ನು ಒಲೆಯಿಂದ ನಾಲ್ಕು ಅಡಿ ದೂರ ಇಟ್ಟೆ, ಏಕೆಂದರೆ ಈ ಎಣ್ಣೆಗೆ ಬೆಂಕಿ ಬೇಗ ಹಿಡಿಯುತ್ತದೆ. ನೀರಿನ ಮೇಲೆ ತೇಲಿದ ಎಣ್ಣೆಯನ್ನು ಸೂಜಿ ತೆಗೆದ ಸಿರಿಂಜಿನಲ್ಲಿ ಎಳೆದೆ. ಐದೂವರೆ ಮಿ.ಲೀ. ನೀರಿನ ಹಾಗೇ ತೆಳ್ಳಗೆ, ಬಣ್ಣ ಇಲ್ಲ. ಮುಚ್ಚಳ ತೆಗೆದರೆ ಜಗಲಿಯವರೆಗೆ ಕಿತ್ತಳೆ ವಾಸನೆ.

ಕಿತ್ತಳೆ ಎಣ್ಣೆಯಲ್ಲಿ 100ಕ್ಕೆ 90 ಪಾಲಿಗಿಂತ ಜಾಸ್ತಿ ಲಿಮೋನೀನ್ ಒಂದೇ. ಅದು ಎಷ್ಟು ಚುರುಕು ಅನ್ನುವುದು ಸಂಜೆಯೇ ತಿಳಿಯಿತು. ಸಿರಿಂಜನ್ನು ಥರ್ಮಾಕೋಲ್ ಡಬ್ಬದ ಮೇಲೆ ಇಟ್ಟು ದನ ಕಟ್ಟಲು ಹೋಗಿದ್ದೆ. ಬಂದು ನೋಡಿದರೆ ಒಂದು ಹನಿ ಬಿದ್ದಲ್ಲಿ ಹೆಬ್ಬೆರಳು ಗಾತ್ರದ ತೂತು, ಅಂಚು ಬೆಣ್ಣೆ ಕರಗಿದ ಹಾಗೆ ನುಣುಪಾಗಿತ್ತು. ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ ಕೂಡ ಉಬ್ಬಿ ಮತ್ತೆ ಕೂರಲಿಲ್ಲ, ಹೊಸದು ತಂದೆ. ಆ ಕುಕ್ಕರನ್ನು ಇನ್ನು ಅಡುಗೆಗೆ ಬಳಸುವುದಿಲ್ಲ.

ಎಣ್ಣೆಯನ್ನು ಕಂದು ಬಣ್ಣದ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ ಮುಚ್ಚಬೇಕು. ಗಾಳಿ ತಾಗಿ ಹಳತಾದ ಲಿಮೋನೀನ್ ಚರ್ಮಕ್ಕೆ ಹಚ್ಚಿದರೆ ತುರಿಕೆ, ಅಲರ್ಜಿ ಬರುತ್ತದೆ.

ಪಕ್ಕದ ಮನೆಯವರು ಕಾಡಿಗೆ ಸೊಪ್ಪು ತರಲು ಹೋಗುವಾಗ ಉಣುಗು ಹತ್ತದಂತೆ ಇದನ್ನೇ ಹಚ್ಚಿಕೊಳ್ಳಬಹುದಾ ಅಂತ ಕೇಳಿದರು. ಖಂಡಿತ ಬೇಡ ಅಂದೆ. ಇದು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಕಂಡ ಜಿಲ್ಲೆ. ಉಣುಗಿನ ವಿಷಯದಲ್ಲಿ ಮನೆಯ ಎಣ್ಣೆ ನಂಬಿ ಕಾಡಿಗೆ ಹೋಗಬಾರದು. ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆಯನ್ನೇ ಹಚ್ಚಿಕೊಳ್ಳಬೇಕು.

ಡಿಸೆಂಬರ್ 16ರಿಂದ 26. ಒಣಗಿಸಿದ್ದು

3 ಕಿಲೋ ಸಿಪ್ಪೆಯನ್ನು ಒಲೆ ಮೇಲಿನ ಅಟ್ಟಕ್ಕೆ ಹಾಕಿದೆ. ಮಳೆಗಾಲದಲ್ಲಿ ಅಜ್ಜಿ ಹಾಗೇ ಮಾಡುತ್ತಿದ್ದರು. ಐದು ದಿನಕ್ಕೆ ಕರಕಲು ಬಣ್ಣ ಬಂತು, ಹೊಗೆ ವಾಸನೆ ಒಳಗೆಲ್ಲ ಕೂತಿತು. ಆ ಮಸಿಯನ್ನು ಆಮೇಲೆ ಸೋಸಿ ತೆಗೆಯಲು ಆಗುವುದಿಲ್ಲ ಅಂತ ಭಾವ ಹೇಳಿದರು. ಆ 3 ಕಿಲೋ ಪೂರ್ತಿ ಹೋಯಿತು. ಸಂಜೆ ಕೊಟ್ಟಿಗೆಯಲ್ಲಿ ಕೆಂಡದ ಮೇಲೆ ಹಾಕಿ ಸೊಳ್ಳೆಗೆ ಹೊಗೆ ಹಾಕುತ್ತಿದ್ದೇವೆ.

ಉಳಿದ ನಾಲ್ಕೂವರೆ ಕಿಲೋ ಅಂಗಳದಲ್ಲಿ ಅಡಿಕೆ ಪಕ್ಕದಲ್ಲೇ ತಟ್ಟಿಯ ಮೇಲೆ. ಸಿಪ್ಪೆಯ ಬಿಳಿ ಭಾಗ ಮೇಲೆ ಮಾಡಿ ಹರಡಬೇಕು, ಇಲ್ಲದಿದ್ದರೆ ಒಳಗೆ ಸುರುಟಿಕೊಂಡು ತೇವ ಉಳಿಯುತ್ತದೆ. ಸಂಜೆ ಐದಕ್ಕೇ ಒಳಗೆ ತರಬೇಕು. ಎರಡನೇ ದಿನ ಮರೆತು ಹೊರಗೇ ಬಿಟ್ಟೆ, ಬೆಳಿಗ್ಗೆ ಇಬ್ಬನಿಗೆ ಎಲ್ಲ ಮೆತ್ತಗಾಗಿ ಎರಡು ದಿನದ ಬಿಸಿಲು ದಂಡ ಆಯಿತು. ಹತ್ತು ದಿನಕ್ಕೆ ಮುರಿದರೆ ಚಟ್ ಅನ್ನುವ ಹದ ಬಂತು. ತೂಕ 1 ಕಿಲೋ 100 ಗ್ರಾಂ. ಮಿಕ್ಸಿಯಲ್ಲಿ ರವೆಯಷ್ಟು ದಪ್ಪಕ್ಕೆ ಒಡೆದೆ. ನುಣ್ಣಗೆ ಮಾಡಬಾರದು, ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ.

ಜನವರಿ 5. ವಾಷಿಂಗ್ ಸೋಡಾ, ಬರೀ ಲೋಳೆ

ಹೆಸ್ಪೆರಿಡಿನ್ ಬರೀ ನೀರಿಗೆ ಕರಗುವುದೇ ಇಲ್ಲ ಅನ್ನಬಹುದು. ಕ್ಷಾರದ ನೀರಿಗೆ ಹಾಕಿದರೆ ಕರಗುತ್ತದೆ. ಆ ನೀರನ್ನು ಸೋಸಿ ಹುಳಿ ಮಾಡಿದರೆ ಮತ್ತೆ ಪುಡಿಯಾಗಿ ಕೂರುತ್ತದೆ. ಕೆಲಸದ ತಿರುಳು ಇಷ್ಟೇ.

ಭಾವ ಸುಣ್ಣ ಅಂದಿದ್ದರು. ಸುಣ್ಣ ಸೋಸುವುದು ಕಷ್ಟ ಅಂದುಕೊಂಡು ನಾನು ವಾಷಿಂಗ್ ಸೋಡಾ ಹಾಕಿದೆ. 150 ಗ್ರಾಂ ಸಿಪ್ಪೆ, ಒಂದೂವರೆ ಲೀಟರ್ ನೀರು, ಸ್ಟೀಲ್ ಪಾತ್ರೆ. ಒಂದು ಗಂಟೆಯಲ್ಲಿ ಇಡೀ ಪಾತ್ರೆ ದಾಸವಾಳದ ಎಲೆ ಕಿವುಚಿದ ಹಾಗೆ ಲೋಳೆ. ಬಟ್ಟೆಗೆ ಸುರಿದರೆ ಒಂದು ರಾತ್ರಿಗೆ ಅರ್ಧ ಲೋಟವೂ ಇಳಿಯಲಿಲ್ಲ.

ಫೋನ್ ಮಾಡಿದಾಗ ಭಾವ ಹೇಳಿದರು: ಬಿಳಿ ಭಾಗದಲ್ಲಿ ಪೆಕ್ಟಿನ್ ಇದೆ, ಜಾಮ್ ಗಟ್ಟಿಯಾಗುವುದು ಅದರಿಂದಲೇ. ಸೋಡಾ ಅದನ್ನು ನೀರಿಗೆ ಬಿಡಿಸುತ್ತದೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಅದನ್ನು ಸಿಪ್ಪೆಯಲ್ಲೇ ಗಟ್ಟಿಯಾಗಿ ಹಿಡಿದು ಕೂರಿಸುತ್ತದೆ. ಸುಣ್ಣವೇ ಯಾಕೆ ಅನ್ನುವುದು ಆಗ ಅರ್ಥವಾಯಿತು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಪೆಕ್ಟಿನ್ ಕೂಡ ಕೆಲಸಕ್ಕೆ ಬಾರದ್ದಲ್ಲ. ನೀರಿಗೆ ಕರಗುವ ನಾರು ಅದು. ದಿನಕ್ಕೆ ಆರು ಗ್ರಾಂನಷ್ಟು ಹೊಟ್ಟೆಗೆ ಹೋದರೆ ರಕ್ತದ ಕೊಲೆಸ್ಟ್ರಾಲ್ ಹತೋಟಿಗೆ ಸಹಾಯ ಆಗುತ್ತದೆ ಅನ್ನುವುದನ್ನು ಯುರೋಪಿನ ಆಹಾರ ನಿಯಮದಲ್ಲೂ ಒಪ್ಪಿದ್ದಾರೆ.

ಜನವರಿ 11. ಹಳೆ ಸುಣ್ಣ, ತಪ್ಪು ಪಾತ್ರೆ

ನಮ್ಮಲ್ಲಿ ಸುಣ್ಣಕ್ಕೆ ಬರವಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ, ಅಂದರೆ ಸುಣ್ಣ ಮತ್ತು ಮೈಲುತುತ್ತ ಕಲಸಿದ ನೀರು, ಹೊಡೆಯಲು ಪ್ರತಿ ಮಳೆಗಾಲಕ್ಕೂ ತರುತ್ತೇವೆ. ಜೂನಿನಲ್ಲಿ ಬಿಚ್ಚಿದ ಚೀಲ ಕೊಟ್ಟಿಗೆ ಮೂಲೆಯಲ್ಲಿತ್ತು. 150 ಗ್ರಾಂ ಸಿಪ್ಪೆಗೆ ಅದರಿಂದ 15 ಗ್ರಾಂ ಹಾಕಿದೆ. ಹುಳಿಯೋ ಕ್ಷಾರವೋ ತೋರಿಸುವ ಪಿಎಚ್ ಪೇಪರ್ ಅದ್ದಿದರೆ 9 ದಾಟಲಿಲ್ಲ (ಸಂಖ್ಯೆ ಏರಿದಷ್ಟೂ ಕ್ಷಾರ ಹೆಚ್ಚು). ಇನ್ನೂ 15 ಗ್ರಾಂ ಹಾಕಿದೆ, ಅಷ್ಟೇ. ಆರು ತಿಂಗಳು ಗಾಳಿ ತಾಗಿ ಸುಣ್ಣ ಸೀಮೆಸುಣ್ಣದ ಹಾಗೆ ಸತ್ತು ಹೋಗಿತ್ತು. ಎಷ್ಟು ಹಾಕಿದರೂ ಅದರಿಂದ ಬೇಕಾದ ಕ್ಷಾರ ಬರುವುದಿಲ್ಲ.

ತಕ್ಷಣ ಎಲೆ ಅಡಿಕೆಗೆ ಹಚ್ಚುವ ಹಸಿ ಸುಣ್ಣ ತಂದು ಹಾಕಿದೆ. ಪಿಎಚ್ 11 ದಾಟಿತು. ಅಷ್ಟರಲ್ಲಿ ಪಾತ್ರೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳತೊಡಗಿತು, ತಳ ಕಪ್ಪಾಯಿತು. ಸ್ಟೀಲ್ ಪಾತ್ರೆಯಲ್ಲಿ ಇನ್ನೂ ಹಳೇ ಲೋಳೆ ಇದ್ದುದರಿಂದ ಅವತ್ತು ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಂಡಿದ್ದೆ. ಸುಣ್ಣದ ನೀರು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಪೂರ್ತಿ ಚೆಲ್ಲಿದೆ. ಸ್ಟೀಲ್, ಗಾಜು ಅಥವಾ ಒಳ್ಳೆ ಪ್ಲಾಸ್ಟಿಕ್ ಬಿಟ್ಟು ಬೇರೆ ಯಾವುದೂ ಬೇಡ. ಬೋರ್ಡೋ ಕಲಸುವ ಡ್ರಮ್ಮಂತೂ ಮುಟ್ಟಲೇಬಾರದು, ಮೈಲುತುತ್ತದ ಅಂಶ ಇರುತ್ತದೆ.

ಅವತ್ತು ಗ್ಲೌಸ್ ಹಾಕದೆ ಹಿಂಡಿದ್ದರಿಂದ ಬೆರಳ ಸಂದಿ ಎರಡು ದಿನ ಉರಿಯಿತು.

ಜನವರಿ 18. 19 ಗ್ರಾಂ ಸಿಕ್ಕಿತು ಅಂದುಕೊಂಡದ್ದು

300 ಗ್ರಾಂ ಸಿಪ್ಪೆ, 3 ಲೀಟರ್ ನೀರು, ಹೊಸದಾಗಿ ಅರಳಿಸಿದ ಸುಣ್ಣ, ಸ್ಟೀಲ್ ಪಾತ್ರೆ. ಲೋಳೆ ಇಲ್ಲ. ಸಿಪ್ಪೆ ಗಟ್ಟಿಯಾಗಿ ಮರಳಿನ ಹಾಗೆ ಉಳಿಯಿತು, ನೀರು ಅರಿಶಿನ ಬಣ್ಣಕ್ಕೆ ತಿರುಗಿತು. ಹಳೆ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದರೆ ಸಲೀಸಾಗಿ ಇಳಿಯಿತು. ಖುಷಿಯಲ್ಲಿ ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸ್ವಲ್ಪ ಸ್ವಲ್ಪ ಹಾಕುತ್ತಾ ಪಿಎಚ್ 5ಕ್ಕೆ ಇಳಿಸಿದೆ. ಬಿಸಿ ಮಾಡಿದ ಕೂಡಲೇ ಬಿಳಿ ಪುಡಿ ಕೂತಿತು. ಒಣಗಿಸಿ ತೂಗಿದರೆ 19 ಗ್ರಾಂ. ಮನೆಯವರಿಗೆಲ್ಲ ತೋರಿಸಿದೆ, ಭಾವನಿಗೆ ಫೋಟೋ ಕಳಿಸಿದೆ.

ಭಾವ ಕೇಳಿದ್ದು ಒಂದೇ ಪ್ರಶ್ನೆ. "ಯಾವ ಹುಳಿ ಹಾಕಿದೆ?"

ಸುಣ್ಣಕ್ಕೆ ಸಿಟ್ರಿಕ್ ಆಸಿಡ್ ಸೇರಿದರೆ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತದೆ. ಅದೂ ಬಿಳಿ ಪುಡಿ, ಅದೂ ನೀರಿಗೆ ಸರಿಯಾಗಿ ಕರಗುವುದಿಲ್ಲ, ಅದೂ ತಳಕ್ಕೆ ಕೂರುತ್ತದೆ. ಪರೀಕ್ಷೆ ಮಾಡಲು ಹೇಳಿದರು. ಒಂದು ಚಿಟಿಕೆ ಪುಡಿಯನ್ನು ಹಳೆ ಸ್ಟೀಲ್ ಚಮಚದಲ್ಲಿ ಹಾಕಿ ಗ್ಯಾಸ್ ಉರಿ ಮೇಲೆ ಹಿಡಿದೆ. ಗಿಡದ ವಸ್ತುವಾದರೆ ಕಪ್ಪಾಗಿ, ಉರಿದು, ಹೆಚ್ಚುಕಡಿಮೆ ಏನೂ ಉಳಿಯಬಾರದು. ಇದು ಕಪ್ಪಾಯಿತು, ಆಮೇಲೆ ಬೆಳ್ಳಗಾಯಿತು, ಚಮಚದ ತುಂಬ ಬೂದಿ ಉಳಿಯಿತು. ಬೂದಿಗೆ ಎರಡು ಹನಿ ವಿನೆಗರ್ ಬಿಟ್ಟರೆ ಬುಸ್ ಅಂತ ನೊರೆ. ಬಹುಪಾಲು ಸುಣ್ಣವೇ. ಅದರೊಳಗೆ ಒಂದಿಷ್ಟು ಹೆಸ್ಪೆರಿಡಿನ್ ಇದ್ದಿರಲೇಬೇಕು, ಆದರೆ ಎರಡನ್ನೂ ಬೇರೆ ಮಾಡುವಷ್ಟು ತಾಳ್ಮೆ ಆ ವಾರ ಇರಲಿಲ್ಲ.

ಇಷ್ಟು ದಿನದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ತಪ್ಪು ಇದು. ಕಣ್ಣಿಗೆ ಬಿಳಿ ಕಂಡ ಕೂಡಲೇ ಬೇಕಾದ್ದು ಸಿಕ್ಕಿತು ಅಂದುಕೊಂಡುಬಿಟ್ಟೆ. ಅದನ್ನೇ ಅಪ್ಪನಿಗೆ ಕೊಟ್ಟಿದ್ದರೆ?

ಫೆಬ್ರವರಿ 1ರಿಂದ 6. ಸರಿ ಹೋದ ಸಲ

ಉಳಿದ 500 ಗ್ರಾಂ ಪೂರ್ತಿ ಹಾಕಿದೆ. ಮತ್ತೊಮ್ಮೆ ಮಾಡುವವರಿಗೆ ಅಳತೆ ಹೀಗೆ.

ಸಿಪ್ಪೆ 500 ಗ್ರಾಂ, ನೀರು 5 ಲೀಟರ್, ಅರಳಿಸಿದ ಹೊಸ ಸುಣ್ಣ ಸುಮಾರು 40 ಗ್ರಾಂ. ಸುಣ್ಣವನ್ನು ಮೊದಲು ಒಂದು ಲೋಟ ನೀರಿನಲ್ಲಿ ಕದಡಿ, ಸ್ವಲ್ಪ ಸ್ವಲ್ಪ ಸೇರಿಸುತ್ತಾ ಪಿಎಚ್ 11ರಿಂದ 11.5ರ ಒಳಗೆ ನಿಲ್ಲಿಸಿದೆ. ಒಂದು ಗಂಟೆ, ಆಗಾಗ ಮರದ ಸೌಟಿನಿಂದ ತಿರುಗಿಸುತ್ತಾ. ಅದಕ್ಕಿಂತ ಹೆಚ್ಚು ಹೊತ್ತು ಬಿಡಲಿಲ್ಲ, ಕ್ಷಾರದಲ್ಲಿ ಬಹಳ ಹೊತ್ತು ಇದ್ದರೆ ವಸ್ತುವೇ ಹಾಳಾಗುತ್ತದೆ. ಪಂಚೆಯಲ್ಲಿ ಸೋಸಿ, ಗ್ಲೌಸ್ ಹಾಕಿ ಹಿಂಡಿ, ಆಮೇಲೆ ಫಿಲ್ಟರ್ ಪೇಪರಿನಲ್ಲಿ ಇನ್ನೊಮ್ಮೆ. ನಾಲ್ಕು ಲೀಟರ್ ತಿಳಿ ಹಳದಿ ನೀರು ಸಿಕ್ಕಿತು.

ಈ ಸಲ ಬಿಳಿ ವಿನೆಗರ್. ವಿನೆಗರಿನ ಹುಳಿ ಸುಣ್ಣದ ಜೊತೆ ಸೇರಿ ಆಗುವ ಉಪ್ಪು ನೀರಿನಲ್ಲೇ ಕರಗಿ ಉಳಿಯುತ್ತದೆ, ತಳಕ್ಕೆ ಕೂರುವುದಿಲ್ಲ. ಸುಮಾರು 750 ಮಿ.ಲೀ. ಹಿಡಿಯಿತು, ಪಿಎಚ್ 4.5. ಹಳದಿ ಬಣ್ಣ ಕಣ್ಣೆದುರೇ ತೆಳುವಾಯಿತು. ಪುಡಿ ಮಾತ್ರ ಕಾಣಲಿಲ್ಲ. ಕೈ ತಡೆಯದಷ್ಟು ಬಿಸಿ ಮಾಡಿ, ಇಳಿಸಿ, ಕಂಬಳಿ ಸುತ್ತಿ ಇಟ್ಟೆ.

ಮರುದಿನ ಏನೂ ಇಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಹಾಲು ಕರೆದು ಬಂದು ಟಾರ್ಚ್ ಹಾಕಿ ನೋಡಿದರೆ ನೀರಿನೊಳಗೆ ಮಂಜು ಇಳಿದ ಹಾಗೆ ಕಾಣಿಸಿತು. ಪಾತ್ರೆ ಅಲ್ಲಾಡಿಸದೆ ಬಿಟ್ಟೆ. ಐದನೇ ದಿನ ತಳದಲ್ಲಿ ಕೆನೆ ಬಣ್ಣದ ತೆಳು ಪದರ. ಮೇಲಿನ ನೀರನ್ನು ಟ್ಯೂಬಿನಿಂದ ಎಳೆದು ತೆಗೆದೆ. ಪುಡಿಯನ್ನು ಫಿಲ್ಟರ್ ಪೇಪರಿಗೆ ಇಳಿಸಿ ಬಿಸಿನೀರಿನಲ್ಲಿ ಮೂರು ಸಲ ತೊಳೆದು ನೆರಳಲ್ಲಿ ಒಣಗಿಸಿದೆ.

6.2 ಗ್ರಾಂ.

ಪರೀಕ್ಷೆ ಒಂದು: ಚಮಚದಲ್ಲಿ ಸುಟ್ಟೆ. ಸಕ್ಕರೆ ಸುಟ್ಟ ವಾಸನೆ ಬಂತು, ಕಪ್ಪಾಯಿತು, ಉರಿದು ಹೋಯಿತು. ಉಳಿದದ್ದು ಊದಿದರೆ ಹಾರುವಷ್ಟು. ಪರೀಕ್ಷೆ ಎರಡು: ಒಂದು ಚಿಟಿಕೆಯನ್ನು ತಿಳಿ ಸುಣ್ಣದ ನೀರಿಗೆ ಹಾಕಿದೆ, ಹಳದಿಯಾಗಿ ಕರಗಿತು. ವಿನೆಗರ್ ಬಿಟ್ಟೆ, ಹಳದಿ ಹೋಯಿತು, ಮರುದಿನ ಮತ್ತೆ ಮಬ್ಬು. ಮೂರು: ನಾಲಗೆ ತುದಿಗೆ ಒಂದು ಕಣ ಮುಟ್ಟಿಸಿದೆ. ರುಚಿ ಇಲ್ಲ. ಅಮ್ಮನ ಮೂಗಿನ ಹತ್ತಿರ ಹಿಡಿದೆ. ವಾಸನೆ ಇಲ್ಲ.

ಅಮ್ಮ ಎರಡೂ ಬಾಟಲಿ ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದಳು. ಒಂದರಲ್ಲಿ ಬರೀ ವಾಸನೆ, ಇನ್ನೊಂದರಲ್ಲಿ ವಾಸನೆಯೂ ಇಲ್ಲದ ಕಹಿಯೂ ಇಲ್ಲದ ಪುಡಿ. ಮಾತ್ರೆಯಲ್ಲಿ ಇರುವುದು ಎರಡನೆಯದು. "ಹಾಗಾದರೆ ಹಳೆ ಸಿಪ್ಪೆ ಎಸೆಯೋದು ಬೇಡ ಅನ್ನು" ಅಂದಳು.

ಅಪ್ಪನಿಗೆ ಈ ಪುಡಿ ಯಾಕೆ ಕೊಡಲಿಲ್ಲ

ಇದನ್ನು ಬಹಳ ಜನ ಕೇಳಿದರು, ಅದಕ್ಕೇ ಸ್ವಲ್ಪ ನಿಂತು ಬರೆಯುತ್ತೇನೆ.

ಮೊದಲನೆಯದು, ನನ್ನ ಪುಡಿಯಲ್ಲಿ ಹೆಸ್ಪೆರಿಡಿನ್ ಎಷ್ಟು, ಬೇರೆ ಏನೇನು ಎಷ್ಟು ಅಂತ ಅಳೆಯುವ ದಾರಿ ನನ್ನ ಹತ್ತಿರ ಇಲ್ಲ. ಕೆನೆ ಬಣ್ಣ ಇದೆ ಅಂದರೆ ಅದು ಶುದ್ಧ ಅಲ್ಲ. ಎರಡನೆಯದು, ಹೆಸ್ಪೆರಿಡಿನ್ ಕರಗದ ವಸ್ತು, ಹಾಗೇ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಕರುಳಿನ ಕೊನೆ ಭಾಗದ ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿದ ಸಕ್ಕರೆ ಕಿತ್ತ ಮೇಲೆಯೇ ಅದು ರಕ್ತಕ್ಕೆ ಸೇರುತ್ತದೆ. ಅದಕ್ಕೇ ಇಂಥ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಪುಡಿಯನ್ನು ಒಂದು ಮಿಲಿಮೀಟರಿನ ಐನೂರನೇ ಪಾಲಿಗಿಂತ ಸಣ್ಣ ಕಣವಾಗಿ ಅರೆದಿರುತ್ತಾರೆ. ನನ್ನ ಮಿಕ್ಸಿಯಿಂದ ಅದು ಆಗುವ ಕೆಲಸವಲ್ಲ.

ಮಾತ್ರೆಯಿಂದ ಆಗುವುದು ಏನು ಅನ್ನುವುದೂ ತಿಳಿದಿರಬೇಕು. ಕಾಲಿನ ಭಾರ, ಊತ, ನೋವು ಕಡಿಮೆಯಾಗುತ್ತದೆ. ಮೂಲವ್ಯಾಧಿ ಕೆರಳಿದಾಗಲೂ ಇದನ್ನೇ ಕೊಡುತ್ತಾರೆ. ಉಬ್ಬಿದ ನರ ಇದರಿಂದ ಮೊದಲಿನ ಹಾಗೆ ಆಗುವುದಿಲ್ಲ. ಅಪ್ಪನಿಗೂ ಸಂಜೆ ಹೊತ್ತಿನ ಪಾದದ ಊತ ಇಳಿದಿದೆ, ಗಂಟು ಹಾಗೇ ಇದೆ.

ಸಿಪ್ಪೆಗೂ ರಕ್ತನಾಳಕ್ಕೂ ಸಂಬಂಧ ಇದೆ ಅನ್ನುವ ಮಾತು ಹಳೆಯದು. ಹಂಗೆರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಮತ್ತು ಜೊತೆಗಾರರು 1936ರಲ್ಲಿ ನಿಂಬೆ ಜಾತಿಯ ಹಣ್ಣಿನಲ್ಲಿ ಸಣ್ಣ ರಕ್ತನಾಳ ಗಟ್ಟಿ ಮಾಡುವ ವಸ್ತು ಇದೆ ಅಂದು ಅದಕ್ಕೆ ವಿಟಮಿನ್ ಪಿ ಅಂತ ಹೆಸರಿಟ್ಟರು. ಮರುವರ್ಷ ಸೆಂಟ್ ಗ್ಯೋರ್ಗಿಗೆ ನೊಬೆಲ್ ಬಂತು, ಅದು ವಿಟಮಿನ್ ಸಿ ಕೆಲಸವೂ ಸೇರಿದ ಸಂಶೋಧನೆಗೆ. ವಿಟಮಿನ್ ಪಿ ಅನ್ನುವ ಹೆಸರು ಉಳಿಯಲಿಲ್ಲ, ಅದಿಲ್ಲದೆ ಮನುಷ್ಯ ಕಾಯಿಲೆ ಬೀಳುವುದಿಲ್ಲವಲ್ಲ. ಆದರೆ ಅವರ ಆ ಸಾರದಲ್ಲಿ ಇದ್ದ ವಸ್ತುಗಳಲ್ಲಿ ಹೆಸ್ಪೆರಿಡಿನ್ನೂ ಒಂದು.

ಫೆಬ್ರವರಿ 8. ಚಕ್ಕೋತ

ಹಿತ್ತಲಿನ ಚಕ್ಕೋತದ ಸಿಪ್ಪೆ ಹೆಬ್ಬೆರಳು ದಪ್ಪ, ಬರೀ ಬಿಳಿ. ಇದರಲ್ಲಿ ಇನ್ನೂ ಜಾಸ್ತಿ ಸಿಗಬೇಕು ಅಂದುಕೊಂಡು ಒಣಗಿದ 200 ಗ್ರಾಂಗೆ ಅದೇ ಕೆಲಸ ಮಾಡಿದೆ. ಆರು ದಿನ ಕಾದರೂ ತಳದಲ್ಲಿ ಏನೂ ಕೂರಲಿಲ್ಲ. ನೀರು ಮಾತ್ರ ಬೇವಿನ ಕಷಾಯದಷ್ಟು ಕಹಿ. ಚಕ್ಕೋತದಲ್ಲಿ ಮುಖ್ಯವಾಗಿ ಇರುವುದು ನರಿಂಜಿನ್ ಅನ್ನುವ ಬೇರೆ ವಸ್ತು. ಹೆಸ್ಪೆರಿಡಿನ್, ನರಿಂಜಿನ್ ಎರಡಕ್ಕೂ ಅಂಟಿರುವುದು ಅವೇ ಎರಡು ಸಕ್ಕರೆ, ಆದರೆ ಅವು ಒಂದಕ್ಕೊಂದು ಸೇರಿರುವ ರೀತಿ ಬೇರೆ. ಅದರಿಂದಲೇ ಒಂದು ಸಪ್ಪೆ, ಇನ್ನೊಂದು ಕಡು ಕಹಿ. ನರಿಂಜಿನ್ ನೀರಿನಲ್ಲಿ ಹೆಚ್ಚು ಕರಗುವುದರಿಂದ ನಾನು ಮಾಡಿದ ದಾರಿಯಲ್ಲಿ ತಳಕ್ಕೆ ಇಳಿಯುವುದೇ ಇಲ್ಲ.

ಈ ಸಲ ಇನ್ನೊಂದು ವಿಷಯ ತಿಳಿದು ಮನೆಯಲ್ಲಿ ಒಂದು ನಿಯಮವೇ ಬದಲಾಯಿತು. ಅಪ್ಪ ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಾರೆ. ಚಕ್ಕೋತದಲ್ಲೂ ಅದರ ಮಿಶ್ರ ತಳಿಯಾದ ಗ್ರೇಪ್ ಫ್ರೂಟಿನಲ್ಲೂ ಕೆಲವು ಮಾತ್ರೆಗಳನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ತಡೆಯುವ ವಸ್ತು ಇದೆ. ತಡೆದರೆ ಮಾತ್ರೆ ರಕ್ತಕ್ಕೆ ಹೆಚ್ಚು ಹೋಗುತ್ತದೆ. ಕೆನಡಾದಲ್ಲಿ ಡೇವಿಡ್ ಬೈಲಿ ತಂಡದವರು ಬಿಪಿ ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಅಂತ ನೋಡುವಾಗ, ಮದ್ಯದ ರುಚಿ ತಿಳಿಯದಿರಲಿ ಅಂತ ಗ್ರೇಪ್ ಫ್ರೂಟ್ ರಸ ಬೆರೆಸಿದ್ದರು. ಮಾತ್ರೆಯ ಪ್ರಮಾಣ ಏರಿದ್ದು ಆ ರಸದಿಂದ ಅಂತ 1991ರಲ್ಲಿ ಪ್ರಕಟಿಸಿದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಅಪ್ಪನಿಗೆ ಚಕ್ಕೋತ ಬೇಡ ಅಂದರು. ಹಿತ್ತಲಿನ ಹಣ್ಣು ಈಗ ಪಕ್ಕದ ಮನೆ ಮಕ್ಕಳಿಗೆ.

ಖರ್ಚು

ತಾಮ್ರದ ಪೈಪ್ 640 ರೂಪಾಯಿ, ಸಿಲಿಕಾನ್ ಟ್ಯೂಬ್ 120, ಗ್ಯಾಸ್ಕೆಟ್ 110, 0.1 ಗ್ರಾಂ ತೋರಿಸುವ ಸಣ್ಣ ತೂಕದ ಮೆಷಿನ್ 450, ಪಿಎಚ್ ಪೇಪರ್ 150, ವಿನೆಗರ್ ಮೂರು ಬಾಟಲಿ 180, ಸುಣ್ಣ 40, ನಿಂಬೆ ಉಪ್ಪು 40, ಫಿಲ್ಟರ್ ಪೇಪರ್ 220, ಗ್ಲೌಸ್ 80. ಒಟ್ಟು 2,030. ಎಣ್ಣೆ ಬೇಡ, ಪುಡಿ ಮಾತ್ರ ಸಾಕು ಅನ್ನುವವರಿಗೆ ಸುಮಾರು 1,120ಕ್ಕೆ ಮುಗಿಯುತ್ತದೆ.

ಅಮ್ಮನ ತಂಬುಳಿಯೂ ಈಗ ಸ್ವಲ್ಪ ಬದಲಾಗಿದೆ. ಮೊದಲು ಸಿಪ್ಪೆ ಕುದಿಸಿ, ನೀರು ಇಟ್ಟುಕೊಂಡು ಸಿಪ್ಪೆ ಚೆಲ್ಲುವುದೂ ಇತ್ತು. ಈಗ ಚೆಲ್ಲುವುದಿಲ್ಲ. ತುಪ್ಪದಲ್ಲಿ ಸಿಪ್ಪೆ, ಜೀರಿಗೆ, ನಾಲ್ಕು ಕಾಳುಮೆಣಸು ಸಣ್ಣ ಉರಿಯಲ್ಲಿ ಹುರಿದು, ಕಾಯಿ ತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಕಲಸುತ್ತಾಳೆ. ಎಣ್ಣೆಯ ವಾಸನೆಯನ್ನು ತುಪ್ಪ ಹಿಡಿದುಕೊಳ್ಳುತ್ತದೆ, ನೀರಿಗೆ ಕರಗದ್ದು ರುಬ್ಬಿದ ಸಿಪ್ಪೆಯ ಜೊತೆ ಹೊಟ್ಟೆಗೆ ಹೋಗುತ್ತದೆ.

ನಿನ್ನೆ ರಾತ್ರಿ ಅಪ್ಪ ಮಾತ್ರೆ ನುಂಗುವ ಮೊದಲು ಬಾಟಲಿ ತರಿಸಿಕೊಂಡು ಬೆಳಕಿಗೆ ಹಿಡಿದು ನೋಡಿದರು. "ಇದು ಎಷ್ಟು ದಿನಕ್ಕೆ ಬರ್ತಿತ್ತು?" ಅಂತ ಕೇಳಿದರು. ಡಯೋಸ್ಮಿನ್ನೂ ಇದರಿಂದಲೇ ಆಗುತ್ತದೆ ಅಂತ ಹಿಡಿದರೆ ದಿನಕ್ಕೆ ಎರಡು ಮಾತ್ರೆ, ಅಂದರೆ ಒಂದು ಗ್ರಾಂ. ನಾನು ಎರಡು ಕಿಲೋ ಹಸಿ ಸಿಪ್ಪೆಯಿಂದ ತೆಗೆದದ್ದು, ಲೆಕ್ಕಕ್ಕೆ, ಆರು ದಿನಕ್ಕೆ. ಅಪ್ಪ ಬಾಟಲಿ ವಾಪಸ್ ಕೊಟ್ಟು, ಕಾಲು ಮೇಲೆ ಎತ್ತಿ ದಿಂಬಿನ ಮೇಲೆ ಇಟ್ಟುಕೊಂಡು ಅಂದರು, "ಮುಂದಿನ ಸಲ ಶಿವಮೊಗ್ಗಕ್ಕೆ ಹೋಗುವಾಗ ಹೇಳು, ಚೀಲ ಹಿಡ್ಕೊಳ್ಳೋಕೆ ನಾನೂ ಬರ್ತೀನಿ."